ಅಂಕ ಎಲ್ಲರಿಗೂ ಬಂದಿದೆ, ಅರ್ಜಿಯಲ್ಲಿ ಏನಿದೆ? ಮೆರಿಟ್ ಸ್ಕಾಲರ್‌ಶಿಪ್‌ಗೆ ತಯಾರಾಗುವ ಬಗೆ

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರ ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದ ಯಾವುದಾದರೂ ಸೈಬರ್ ಸೆಂಟರ್ ಮುಂದೆ ಅರ್ಧ ಗಂಟೆ ನಿಂತು ನೋಡಿ. ಪೀಣ್ಯದ ಫ್ಯಾಕ್ಟರಿಯಿಂದ ಅರ್ಧ ದಿನ ರಜೆ ಹಾಕಿ ಬಂದ ಅಪ್ಪ, ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಆಧಾರ್, ರೇಷನ್ ಕಾರ್ಡ್, ಅಂಕಪಟ್ಟಿ. ಪಕ್ಕದಲ್ಲಿ 93 ಪರ್ಸೆಂಟ್ ತೆಗೆದ ಮಗಳು. ಕಂಪ್ಯೂಟರ್ ಮುಂದೆ ಕೂತ ಹುಡುಗ ಹೆಸರು, ವಿಳಾಸ, ಬ್ಯಾಂಕ್ ಖಾತೆ ಎಲ್ಲ ಟೈಪ್ ಮಾಡಿ ಮುಗಿಸ್ತಾನೆ. ಕೊನೆಗೆ ಒಂದು ಖಾಲಿ ಚೌಕ ಬರುತ್ತದೆ: ‘ನಿಮ್ಮ ಬಗ್ಗೆ ಮತ್ತು ನಿಮ್ಮ ಗುರಿಯ ಬಗ್ಗೆ ಬರೆಯಿರಿ.’ ಹುಡುಗಿ ಅಪ್ಪನ ಮುಖ ನೋಡ್ತಾಳೆ, ಅಪ್ಪ ಸೈಬರ್ ಹುಡುಗನ ಮುಖ ನೋಡ್ತಾರೆ. ಹಿಂದೆ ಇನ್ನೂ ಹತ್ತು ಜನ ಕಾಯ್ತಿದ್ದಾರೆ. ಆತ ಬೇರೆ ಯಾರದೋ ಅರ್ಜಿಯಿಂದ ನಾಲ್ಕು ಸಾಲು ಕಾಪಿ ಮಾಡಿ ಅಂಟಿಸ್ತಾನೆ: ‘ನಾನು ಬಡ ಕುಟುಂಬದಿಂದ ಬಂದಿದ್ದು, ಚೆನ್ನಾಗಿ ಓದಿ ದೇಶಸೇವೆ ಮಾಡುವ ಆಸೆ ಹೊಂದಿರುತ್ತೇನೆ.’

ಆ ಹುಡುಗಿಯ ಅರ್ಜಿ ಬಿದ್ದುಹೋದರೆ ಬೀಳುವುದು ಅಲ್ಲೇ. ಕಡಿಮೆ ಅಂಕ ಬಂದವರು ಮೊದಲ ಸುತ್ತಿನಲ್ಲೇ ಹೊರಗೆ ಹೋಗಿರುತ್ತಾರೆ. ಉಳಿದವರೆಲ್ಲ 90ರ ಮೇಲಿನವರೇ, ಎಲ್ಲರ ಆದಾಯವೂ ಕಡಿಮೆಯೇ. ಅವರಲ್ಲಿ ಯಾರನ್ನು ಆರಿಸಬೇಕು ಅನ್ನೋ ಪ್ರಶ್ನೆ ಬಂದಾಗ ಆಯ್ಕೆ ಮಾಡುವವರ ಮುಂದೆ ಇರುವುದು ಆ ಚೌಕ, ಮೇಷ್ಟ್ರು ಬರೆದ ಪತ್ರ, ಆಮೇಲೆ ಸಂದರ್ಶನ. ನಮ್ಮ ಮಕ್ಕಳು ಎರಡು ವರ್ಷ ಅಂಕಕ್ಕಾಗಿ ಒದ್ದಾಡುತ್ತಾರೆ, ಈ ಮೂರಕ್ಕೆ ಎರಡು ಗಂಟೆಯನ್ನೂ ಕೊಡುವುದಿಲ್ಲ. ಕೊಡಬೇಕು ಅಂತ ಅವರಿಗೆ ಹೇಳುವವರೂ ಇಲ್ಲ.

ಮೊದಲು ಎರಡು ಪಟ್ಟಿ ಮಾಡಿಕೊಳ್ಳಿ

ಸ್ಕಾಲರ್‌ಶಿಪ್ ಅಂದ ತಕ್ಷಣ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದು ಮೊದಲ ತಪ್ಪು. ಒಂದು ಬಗೆಯದು ಅರ್ಹತೆ ಇದ್ದರೆ ಬರುವಂಥದ್ದು. ಇನ್ನೊಂದು ಬಗೆಯದರಲ್ಲಿ ಅರ್ಹತೆ ಬರೀ ಬಾಗಿಲು, ಒಳಗೆ ಹೋದ ಮೇಲೆ ಸ್ಪರ್ಧೆ.

ಮೊದಲ ಪಟ್ಟಿಯಲ್ಲಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ ಮೂಲಕ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳು ಕೊಡುವ ವೇತನಗಳಿವೆ. ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆಯ ಕಾರ್ಮಿಕರಿಗೆ ಇನ್ನೊಂದಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ: ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಪ್ರೋತ್ಸಾಹಧನ. 1965ರ ಕಾಯ್ದೆಯಡಿ ಕಾರ್ಮಿಕರ ಸಂಬಳದಿಂದ ವರ್ಷಕ್ಕೊಮ್ಮೆ ಸಣ್ಣ ಮೊತ್ತ ಕಡಿತವಾಗಿ ಒಂದು ನಿಧಿಗೆ ಹೋಗುತ್ತದೆ, ಮಾಲೀಕರೂ ಸರ್ಕಾರವೂ ತಮ್ಮ ಪಾಲು ಹಾಕುತ್ತಾರೆ. ಅಪ್ಪ ಅಥವಾ ಅಮ್ಮನ ಡಿಸೆಂಬರ್ ತಿಂಗಳ ಪೇ ಸ್ಲಿಪ್ ತೆಗೆದು ನೋಡಿ. ಅಲ್ಲಿ ಆ ಕಡಿತ ಕಂಡರೆ ಈ ಹಣ ಕೇಳುವುದು ನಿಮ್ಮ ಹಕ್ಕು. ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸಕ್ಕೆ ಬಂದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಬೇರೆಯೇ ಇದೆ. ಅಲ್ಲಿ ನೋಂದಣಿ ಆಗಿರಬೇಕು, ಕಾರ್ಡ್ ಚಾಲ್ತಿಯಲ್ಲಿರಬೇಕು. ಸರ್ಕಾರಿ ಶಾಲೆ-ಕಾಲೇಜಿನಲ್ಲೇ ಹತ್ತನೇ ತರಗತಿ ಮತ್ತು ಪಿಯುಸಿ ಮುಗಿಸಿ ಪದವಿ ಅಥವಾ ಡಿಪ್ಲೊಮಾಗೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆಯನ್ನು 2025ರಲ್ಲಿ ಕರ್ನಾಟಕಕ್ಕೂ ತಂದಿದೆ.

ಎರಡನೇ ಪಟ್ಟಿ ಸ್ಪರ್ಧೆಯದು. ಎಂಟನೇ ತರಗತಿಯಲ್ಲಿರುವ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಎಸ್‌ಎಸ್‌ಎಲ್‌ಸಿ ಆದವರಿಗೆ ಬೆಂಗಳೂರಿನ ಸರೋಜಿನಿ ದಾಮೋದರನ್ ಫೌಂಡೇಶನ್‌ನ ವಿದ್ಯಾಧನ್ ಇದೆ. ಇದನ್ನು ಕುಮಾರಿ ಶಿಬುಲಾಲ್ ಮತ್ತು ಎಸ್.ಡಿ. ಶಿಬುಲಾಲ್ ದಂಪತಿ 1999ರಲ್ಲಿ ಶುರು ಮಾಡಿದರು. ಕುಟುಂಬದ ಆದಾಯ ಎರಡು ಲಕ್ಷದೊಳಗೆ ಇರಬೇಕು, 90 ಪರ್ಸೆಂಟ್ ಆಸುಪಾಸಿನ ಅಂಕ ಬೇಕು. ಆಮೇಲೆ ಪರೀಕ್ಷೆ, ಸಂದರ್ಶನ. ಪಿಯುಸಿಯ ಎರಡು ವರ್ಷ ಚೆನ್ನಾಗಿ ಓದಿದವರಿಗೆ ಪದವಿಯಲ್ಲೂ ನೆರವು ಮುಂದುವರಿಯುತ್ತದೆ ಅನ್ನುವುದು ಇದರ ದೊಡ್ಡ ಲಾಭ. ಎಲೆಕ್ಟ್ರಾನಿಕ್ ಸಿಟಿಯಲ್ಲೇ ಕೇಂದ್ರ ಕಚೇರಿ ಇರುವ ಇನ್ಫೋಸಿಸ್‌ನ ಫೌಂಡೇಶನ್ 2023ರಲ್ಲಿ ‘ಸ್ಟೆಮ್ ಸ್ಟಾರ್ಸ್’ ಶುರು ಮಾಡಿತು. ಇದು ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿಗೆ ಸೇರುವ ಹುಡುಗಿಯರಿಗಾಗಿ. ನಾಲ್ಕು ವರ್ಷ, ವರ್ಷಕ್ಕೆ ಒಂದು ಲಕ್ಷದವರೆಗೆ. ಕೇಂದ್ರ ಸರ್ಕಾರದ ಕಾಲೇಜು ವಿದ್ಯಾರ್ಥಿವೇತನ ಪಿಯುಸಿ ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರುವವರಿಗೆ. ಅದಕ್ಕೆ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ.

ಮೊದಲ ಪಟ್ಟಿಯಲ್ಲಿ ಸೋತರೆ ಕಾರಣ ಕಾಗದಪತ್ರ. ಎರಡನೆಯದರಲ್ಲಿ ಸೋತರೆ ಕಾರಣ ತಯಾರಿ. ಮೊತ್ತ, ಆದಾಯ ಮಿತಿ, ಕೊನೆಯ ದಿನಾಂಕ ವರ್ಷ ವರ್ಷ ಬದಲಾಗುತ್ತವೆ, ಆದ್ದರಿಂದ ಆ ವರ್ಷದ ಪ್ರಕಟಣೆಯನ್ನು ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲೇ ಓದಿ. ವಾಟ್ಸಾಪ್‌ನಲ್ಲಿ ಬಂದ ಪೋಸ್ಟರ್ ಹೋದ ವರ್ಷದ್ದೂ ಆಗಿರಬಹುದು.

ಕಾಗದಪತ್ರ: ರಿಸಲ್ಟ್‌ಗೆ ಮೂರು ತಿಂಗಳ ಮೊದಲು

ಪರೀಕ್ಷೆ ಮುಗಿದು ರಿಸಲ್ಟ್ ಬರುವವರೆಗೆ ಸಿಗುವ ಬಿಡುವಿನಲ್ಲಿ ಆಗಬೇಕಾದ ಕೆಲಸ ಇದು. ರಿಸಲ್ಟ್ ಬಂದ ಮೇಲೆ ಓಡಾಡಿದರೆ ಎಲ್ಲ ಕಡೆ ಕ್ಯೂ.

ಹೆಸರು ಎಲ್ಲ ಕಡೆ ಒಂದೇ ಥರ ಇದೆಯಾ ನೋಡಿ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ ಇನಿಷಿಯಲ್ ಆಗಿರುತ್ತದೆ, ಆಧಾರ್‌ನಲ್ಲಿ ಊರ ಹೆಸರು ಸೇರಿರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೇ ಥರ. ಕಂಪ್ಯೂಟರ್‌ಗೆ ಇವರು ಮೂರು ಜನ. ಯಾವುದನ್ನು ತಿದ್ದಿಸಬೇಕು ಅಂತ ಗೊಂದಲ ಆದರೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೆ ಉಳಿದದ್ದನ್ನು ಹೊಂದಿಸುವುದು ಸುಲಭ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಹೆಡ್‌ಮಾಸ್ಟರ್ ಹತ್ತಿರ ತಕ್ಷಣ ಹೋಗಿ.

ವಿದ್ಯಾರ್ಥಿಯ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ, ಆ ಖಾತೆಗೆ ಆಧಾರ್ ಸೀಡಿಂಗ್ ಆಗಿರಲಿ. ಖಾತೆಗೆ ಆಧಾರ್ ನಂಬರ್ ಕೊಟ್ಟಿದ್ದೇವೆ ಅಂದರೆ ಸಾಲದು, ಸರ್ಕಾರದ ಹಣ ಬಂದು ಬೀಳುವ ಖಾತೆ ಅದೇ ಅಂತ ಬ್ಯಾಂಕಿನವರು ಜೋಡಿಸಿರಬೇಕು. ಬ್ಯಾಂಕಿಗೆ ಹೋಗಿ ಇದೇ ಮಾತನ್ನು ಕೇಳಿ. ಮಂಜೂರಾದ ಹಣ ಖಾತೆಗೆ ಬರದೆ ನಿಲ್ಲುವುದು ಹೆಚ್ಚಾಗಿ ಇಲ್ಲೇ.

ಆದಾಯ ಮತ್ತು ಜಾತಿ ಪ್ರಮಾಣಪತ್ರ ನಾಡಕಚೇರಿಯಿಂದ ಬರುತ್ತವೆ. ಅದರ ಮೇಲಿರುವ ಆರ್‌ಡಿ ನಂಬರ್ ಎಸ್‌ಎಸ್‌ಪಿಗೆ ಬೇಕೇ ಬೇಕು. ಈ ಬೆಲ್ಟಿನ ಬಹಳ ಕುಟುಂಬಗಳ ದಾಖಲೆ ಯಾದಗಿರಿ, ರಾಯಚೂರು, ಕೋಲಾರ, ತುಮಕೂರಿನ ಊರುಗಳಲ್ಲೇ ಇರುತ್ತದೆ. ಯುಗಾದಿಗೆ ಊರಿಗೆ ಹೋಗುವಾಗಲೇ ಈ ಕೆಲಸ ಮುಗಿಸಿಕೊಂಡು ಬನ್ನಿ. ಜೂನ್‌ನಲ್ಲಿ ಅದಕ್ಕೇ ಅಂತ ಮತ್ತೆ ಹೋದರೆ ಬಸ್ ಚಾರ್ಜು, ಎರಡು ದಿನದ ಕೂಲಿ ಎರಡೂ ಹೋಗುತ್ತವೆ.

ಕಾರ್ಮಿಕ ಮಂಡಳಿಯ ಅರ್ಜಿಗೆ ಅಪ್ಪ ಅಥವಾ ಅಮ್ಮ ಕೆಲಸ ಮಾಡುವ ಸಂಸ್ಥೆಯ ದೃಢೀಕರಣ ಬೇಕು. ಇಲ್ಲಿ ಸಿಕ್ಕಿ ಬೀಳುವವರು ಕಾಂಟ್ರ್ಯಾಕ್ಟ್ ಮೇಲೆ ಇರುವವರು. ದುಡಿಯುವುದು ಒಂದು ಫ್ಯಾಕ್ಟರಿಯಲ್ಲಿ, ಪೇ ಸ್ಲಿಪ್ ಕೊಡುವುದು ಇನ್ನೊಬ್ಬರು. ಸಹಿ ಯಾರು ಹಾಕಬೇಕು ಅನ್ನುವುದರಲ್ಲೇ ಕೊನೆಯ ದಿನಾಂಕ ಕಳೆದುಹೋಗುತ್ತದೆ. ಆದ್ದರಿಂದ ಮೊದಲೇ ಎಚ್‌ಆರ್‌ನಲ್ಲಿ, ಯೂನಿಯನ್ ಇದ್ದರೆ ಅವರಲ್ಲಿ, ‘ಈ ವರ್ಷ ಅರ್ಜಿ ಬಂದಾಗ ಯಾರನ್ನ ನೋಡ್ಬೇಕು?’ ಅಂತ ಕೇಳಿ ಹೆಸರು ಬರೆದಿಟ್ಟುಕೊಳ್ಳಿ.

ಎಲ್ಲ ಕಾಗದವನ್ನೂ ನೆರಳು ಬೀಳದಂತೆ ಸ್ಕ್ಯಾನ್ ಮಾಡಿಸಿ, ಅರ್ಥವಾಗುವ ಹೆಸರು ಕೊಟ್ಟು, ನಿಮ್ಮದೇ ಇಮೇಲ್‌ನಲ್ಲಿ ಇಟ್ಟುಕೊಳ್ಳಿ. ಅರ್ಜಿಗೆ ಕೊಡುವ ಇಮೇಲ್ ಮತ್ತು ಮೊಬೈಲ್ ನಂಬರ್ ಮನೆಯವರದ್ದೇ ಆಗಿರಲಿ. ಸೈಬರ್ ಸೆಂಟರ್‌ನವರ ನಂಬರ್ ಹಾಕಿದ ಮಕ್ಕಳಿಗೆ ಸಂದರ್ಶನದ ಮೆಸೇಜ್ ತಲುಪುವುದೇ ಇಲ್ಲ.

ಆ ಖಾಲಿ ಚೌಕದಲ್ಲಿ ಏನು ಬರೆಯಬೇಕು

ಬಡತನದ ಬಗ್ಗೆ ಒಂದು ಮಾತು. ನೀವು ಬಡವರು ಅಂತ ಆದಾಯ ಪ್ರಮಾಣಪತ್ರ ಆಗಲೇ ಹೇಳಿದೆ. ಅದನ್ನೇ ಮುನ್ನೂರು ಪದಗಳಲ್ಲಿ ಮತ್ತೆ ಹೇಳಿದರೆ ಓದುವವರಿಗೆ ಹೊಸದೇನೂ ಸಿಗುವುದಿಲ್ಲ. ಅವರ ಮೇಜಿನ ಮೇಲಿರುವ ಪ್ರತಿ ಅರ್ಜಿಯಲ್ಲೂ ಆ ಸಾಲು ಇದೆ. ಕಷ್ಟ ಹೇಳಬಾರದು ಅಂತಲ್ಲ. ಕಷ್ಟದ ನಡುವೆ ನೀವು ಏನು ಮಾಡಿದಿರಿ ಅನ್ನುವುದು ಅದಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳಲಿ.

‘ನಾನೇನು ಮಾಡಿದ್ದೀನಿ ಬರೆಯೋಕೆ? ಪ್ರೈಜ್ ಬಂದಿಲ್ಲ, ಕ್ಯಾಂಪ್‌ಗೆ ಹೋಗಿಲ್ಲ’ ಅಂತ ಮಕ್ಕಳು ಕೇಳ್ತಾರೆ. ಉದಾಹರಣೆಗೆ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಅಪ್ಪ ಪೀಣ್ಯ ಎರಡನೇ ಹಂತದಲ್ಲಿ ಫಿಟ್ಟರ್, ಅಮ್ಮ ಗಾರ್ಮೆಂಟ್ಸ್. ಸಂಜೆ ಅಕ್ಕಪಕ್ಕದ ಮನೆಯ ಮೂರು ಮಕ್ಕಳು ಇವಳ ಹತ್ತಿರ ಕೂತು ಓದುತ್ತಾರೆ, ಅವರ ಅಮ್ಮಂದಿರು ಶಿಫ್ಟ್ ಮುಗಿಸಿ ಬರುವುದು ತಡ. ಸೈಬರ್ ಅರ್ಜಿಯಲ್ಲಿ ಇದು ಹೀಗೆ ಬರುತ್ತದೆ:

‘ನನಗೆ ಬೋಧನೆಯಲ್ಲಿ ಆಸಕ್ತಿ ಇದ್ದು, ಬಡ ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿಕೊಡುತ್ತೇನೆ.’

ಅವಳೇ ಕೂತು ಯೋಚಿಸಿ ಬರೆದರೆ ಹೀಗೆ ಬರಬಹುದು:

‘ಪಕ್ಕದ ಮನೆಯ ಐದನೇ ತರಗತಿ ಹುಡುಗನಿಗೆ ಭಿನ್ನರಾಶಿ ಅರ್ಥ ಆಗುತ್ತಿರಲಿಲ್ಲ. 1/2ಕ್ಕಿಂತ 7/16 ದೊಡ್ಡದು, ಏಕೆಂದರೆ 7 ದೊಡ್ಡದು ಅನ್ನುತ್ತಿದ್ದ. ನಮ್ಮಪ್ಪನ ಸ್ಪ್ಯಾನರ್‌ಗಳ ಮೇಲೆ ಈ ಅಂಕಿಗಳೇ ಇರುತ್ತವೆ. ಎರಡು ಸ್ಪ್ಯಾನರ್ ಅವನ ಕೈಗೆ ಕೊಟ್ಟು ಬಾಯಿ ಅಳೆಯಲು ಹೇಳಿದೆ. 1/2 ಅಂತ ಬರೆದದ್ದೇ ದೊಡ್ಡದಿತ್ತು. ಯಾಕೆ ಅಂತ ಅವನೇ ಕೇಳಿದ. ನನಗೂ ಸರಿಯಾಗಿ ಹೇಳಲು ಬರಲಿಲ್ಲ. ಮರುದಿನ ಗಣಿತದ ಮೇಡಂ ಹತ್ತಿರ ಕೇಳಿಕೊಂಡು ಬಂದು ಹೇಳಿದೆ. ನನಗೆ ಗೊತ್ತಿದೆ ಅಂದುಕೊಂಡದ್ದು ಇನ್ನೊಬ್ಬರಿಗೆ ಹೇಳುವಾಗ ಗೊತ್ತಿಲ್ಲ ಅಂತ ತಿಳಿಯಿತು. ಅದಕ್ಕೇ ನನಗೆ ಗಣಿತ ಮುಂದೆ ಓದಬೇಕು ಅನ್ನಿಸಿದೆ.’

ಎರಡನೆಯದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಈ ಹುಡುಗಿ ಗಮನಿಸ್ತಾಳೆ, ಕೇಳ್ತಾಳೆ, ತಪ್ಪನ್ನು ಒಪ್ಪಿಕೊಳ್ತಾಳೆ, ಮರುದಿನ ಮತ್ತೆ ಬರ್ತಾಳೆ ಅಂತ ಓದುವವರಿಗೆ ಗೊತ್ತಾಗುತ್ತದೆ. ಅಂಕಪಟ್ಟಿ ಇದನ್ನು ಹೇಳಲಾರದು.

ಬರೆಯುವ ಮೊದಲು ನಾಲ್ಕು ಪ್ರಶ್ನೆಗೆ ಒಂದು ಹಾಳೆಯಲ್ಲಿ ಉತ್ತರ ಬರೆದುಕೊಳ್ಳಿ. ಯಾರೂ ಹೇಳದೆ ನಾನು ಮಾಡಿದ ಕೆಲಸ ಯಾವುದು? ಅದರಲ್ಲಿ ಎಲ್ಲಿ ಎಡವಿದೆ? ಆಮೇಲೆ ಏನು ಬದಲಾಯಿಸಿದೆ? ಇದಕ್ಕೂ ನಾನು ಮುಂದೆ ಓದಬೇಕಾದ ವಿಷಯಕ್ಕೂ ಏನು ಸಂಬಂಧ? ತಮ್ಮನನ್ನು ನೋಡಿಕೊಂಡದ್ದು, ಅಮ್ಮನ ಚೀಟಿ ಲೆಕ್ಕ ಬರೆದದ್ದು, ಹೆಬ್ಬಗೋಡಿಯ ಅಂಗಡಿಯಲ್ಲಿ ಭಾನುವಾರ ಕೂತದ್ದು, ಹೊಸದಾಗಿ ಬಂದ ಬೇರೆ ಭಾಷೆಯ ಸಹಪಾಠಿಗೆ ಕನ್ನಡ ಕಲಿಸಿದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಗುರಿ ಬರೆಯುವಾಗ ಐಎಎಸ್, ಡಾಕ್ಟರ್ ಅಂತ ಒಂದೇ ಜಿಗಿತಕ್ಕೆ ಹೋಗಬೇಡಿ. ಮುಂದಿನ ಎರಡು ವರ್ಷ ಯಾವ ಕಾಲೇಜು, ಯಾವ ಕಾಂಬಿನೇಷನ್, ಫೀಸು ಎಷ್ಟು, ಬಸ್ ಪಾಸ್ ಎಷ್ಟು, ಪುಸ್ತಕಕ್ಕೆ ಎಷ್ಟು, ಮನೆಯಿಂದ ಎಷ್ಟು ಬರುತ್ತದೆ, ಎಷ್ಟು ಕಡಿಮೆ ಬೀಳುತ್ತದೆ, ಇದನ್ನು ಬರೆಯಿರಿ. ಹಣ ಕೊಡುವವರಿಗೆ ತಮ್ಮ ಹಣ ಎಲ್ಲಿ ಹೋಗುತ್ತದೆ ಅನ್ನುವುದು ಸ್ಪಷ್ಟವಾದರೆ ಅರ್ಧ ಕೆಲಸ ಆಯಿತು.

ಒಂದು ವರ್ಷ ಅಂಕ ಬಿದ್ದಿದ್ದರೆ ಮುಚ್ಚಿಡಬೇಡಿ. ಅಪ್ಪನಿಗೆ ಕೆಲಸ ಹೋಗಿ ಎಂಟನೇ ತರಗತಿ ನಡುವೆ ಶಾಲೆ ಬದಲಾಯಿಸಬೇಕಾಯಿತು ಅಂತಿದ್ದರೆ ಎರಡೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಕಾರಣ ಗೊತ್ತಾದರೆ ಅದು ಕೊರತೆಯಾಗಿ ಕಾಣುವುದಿಲ್ಲ.

ಕನ್ನಡ ಮೀಡಿಯಂ ಮಕ್ಕಳು ಮೊದಲು ಕನ್ನಡದಲ್ಲೇ ಬರೆಯಲಿ. ಇಂಗ್ಲಿಷ್ ಬೇಕು ಅಂದರೆ ಆಮೇಲೆ ಸರಳವಾಗಿ ಅನುವಾದ ಮಾಡಿ, ಮೇಡಂಗೆ ತೋರಿಸಿ ತಿದ್ದಿಸಿಕೊಳ್ಳಲಿ. ಮೊಬೈಲ್‌ನಲ್ಲಿ ಎಐ ಹತ್ತಿರ ಬರೆಸಿದ್ದು ಥಳಥಳ ಹೊಳೆಯುತ್ತದೆ, ಆದರೆ ಸ್ಪ್ಯಾನರ್ ಕಥೆ ಅದಕ್ಕೆ ಗೊತ್ತಿರುವುದಿಲ್ಲ. ಜೊತೆಗೆ ಸಂದರ್ಶನದಲ್ಲಿ ‘ನೀನು ಬರೆದ ಈ ಪದದ ಅರ್ಥ ಹೇಳಮ್ಮ’ ಅಂದರೆ ಅಲ್ಲಿಗೆ ಮುಗೀತು.

ಶಿಫಾರಸು ಪತ್ರ: ದೊಡ್ಡವರದ್ದು ಬೇಡ, ಗೊತ್ತಿರುವವರದ್ದು ಬೇಕು

ಕಾರ್ಪೊರೇಟರ್, ಎಂಎಲ್‌ಎ ಲೆಟರ್‌ಹೆಡ್‌ಗೆ ಓಡಾಡುವ ಪೋಷಕರು ಇನ್ನೂ ಇದ್ದಾರೆ. ಮೆರಿಟ್ ಸ್ಕಾಲರ್‌ಶಿಪ್‌ನಲ್ಲಿ ಅದಕ್ಕೆ ಬೆಲೆ ಇಲ್ಲ. ನಿಮ್ಮನ್ನು ಎರಡು ವರ್ಷ ಕ್ಲಾಸಿನಲ್ಲಿ ನೋಡಿದ ವಿಜ್ಞಾನದ ಮೇಷ್ಟ್ರ ಹತ್ತು ಸಾಲು ಅದಕ್ಕಿಂತ ತೂಕದ್ದು.

ಆದರೆ ಸರ್ಕಾರಿ ಹೈಸ್ಕೂಲಿನ ಮೇಷ್ಟ್ರಿಗೆ ನೂರಾರು ಮಕ್ಕಳು, ಮೇಲೆ ಬೇರೆ ಡ್ಯೂಟಿಗಳು. ಕೊನೇ ದಿನ ಹೋಗಿ ಕೇಳಿದರೆ ‘ಈ ವಿದ್ಯಾರ್ಥಿಯ ನಡತೆ ಉತ್ತಮವಾಗಿರುತ್ತದೆ’ ಅಂತ ನಡತೆ ಪ್ರಮಾಣಪತ್ರವೇ ಸಿಗುತ್ತದೆ. ಮೂರು ವಾರ ಮೊದಲು ಹೋಗಿ. ಒಂದು ಹಾಳೆ ಬರೆದುಕೊಂಡು ಹೋಗಿ: ಯಾವ ಸ್ಕಾಲರ್‌ಶಿಪ್, ಕೊನೆಯ ದಿನ ಯಾವುದು, ನಿಮ್ಮ ಅಂಕ ಎಷ್ಟು, ಅವರ ಕ್ಲಾಸಿನಲ್ಲಿ ನೀವು ಮಾಡಿದ ಎರಡು ಮೂರು ಕೆಲಸ ಯಾವುವು. ‘ಸರ್, ನೆನಪಿಗೆ ಇರಲಿ ಅಂತ ಬರೆದುಕೊಂಡು ಬಂದಿದ್ದೀನಿ’ ಅಂತ ಕೊಟ್ಟರೆ ಯಾವ ಮೇಷ್ಟ್ರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಫಲಿತಾಂಶ ಏನಾದರೂ ಆಗಲಿ, ಹೋಗಿ ಹೇಳಿ ಬನ್ನಿ. ಮುಂದಿನ ವರ್ಷ ನಿಮ್ಮ ತಂಗಿಯೂ ಅವರ ಹತ್ತಿರವೇ ಹೋಗಬೇಕು.

ಇದು ಬೆಂಗಳೂರಿನ ಹೊರವಲಯಕ್ಕೆ ಮಾತ್ರ ಬಂದ ಹೊಸ ಪದ್ಧತಿಯಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ ಗಿರೀಶ ಕಾರ್ನಾಡರು ಆಕ್ಸ್‌ಫರ್ಡ್‌ಗೆ ಹೋದದ್ದು ರೋಡ್ಸ್ ವಿದ್ಯಾರ್ಥಿವೇತನದ ಮೇಲೆ. ಆ ವೇತನ ಶುರುವಾದ ದಿನದಿಂದ ಓದಿನ ಜೊತೆಗೆ ವ್ಯಕ್ತಿತ್ವವನ್ನೂ ನೋಡುತ್ತದೆ. ಹತ್ತು ಸಾವಿರದ ನೆರವಾಗಲಿ, ಆಕ್ಸ್‌ಫರ್ಡಿನದಾಗಲಿ, ಮೇಜಿನ ಆಚೆ ಕೂತವರ ಪ್ರಶ್ನೆ ಒಂದೇ: ಈ ಹಣ ಯಾರ ಕೈಯಲ್ಲಿ ಬೆಳೆಯುತ್ತದೆ?

ಸಂದರ್ಶನದ ದಿನ

ಅರ್ಜಿಯ ಒಂದು ಪ್ರತಿ ಇಟ್ಟುಕೊಂಡು ಹಿಂದಿನ ರಾತ್ರಿ ಓದಿ. ಅದರಲ್ಲಿರುವ ಪ್ರತಿ ಸಾಲಿನ ಮೇಲೂ ಪ್ರಶ್ನೆ ಬರಬಹುದು. ಮನೆಯಲ್ಲಿ ಅಕ್ಕನೋ ಚಿಕ್ಕಪ್ಪನೋ ಎದುರು ಕೂತು ಹತ್ತು ಪ್ರಶ್ನೆ ಕೇಳಲಿ. ಇಷ್ಟವಾದ ಪಾಠ ಯಾವುದು, ಯಾಕೆ, ಅದನ್ನು ಆರನೇ ತರಗತಿ ಮಗುವಿಗೆ ಹೇಗೆ ಹೇಳ್ತೀಯ? ಈ ಒಂದು ಪ್ರಶ್ನೆಗೆ ತಯಾರಾದರೆ ಉಳಿದವು ಸುಲಭ.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಮೇಡಂ’ ಅನ್ನುವುದು ಒಳ್ಳೆಯ ಉತ್ತರ. ‘ಗೊತ್ತಿಲ್ಲ, ಆದರೆ ಹೀಗಿರಬಹುದು ಅನ್ನಿಸುತ್ತೆ’ ಅಂದರೆ ಇನ್ನೂ ಒಳ್ಳೆಯದು. ಕನ್ನಡದಲ್ಲಿ ಮಾತಾಡಬಹುದಾ ಅಂತ ಮೊದಲೇ ಕೇಳಿ, ನಾಚಿಕೆ ಬೇಡ. ಕೆಲವು ಸಂಸ್ಥೆಯವರು ಮನೆಗೂ ಬರುತ್ತಾರೆ. ಅವರಿಗಾಗಿ ಟಿವಿ ಬಚ್ಚಿಡಬೇಡಿ, ಇದ್ದದ್ದು ಇದ್ದ ಹಾಗೆ ಇರಲಿ. ಅರ್ಜಿಯಲ್ಲಿ ಬರೆದದ್ದಕ್ಕೂ ಮನೆಯಲ್ಲಿ ಕಂಡದ್ದಕ್ಕೂ ತಾಳೆ ಆಗದಿದ್ದರೆ ಮಾತ್ರ ತೊಂದರೆ.

ಎಸ್‌ಎಸ್‌ಪಿಯಾಗಲಿ, ರಾಷ್ಟ್ರೀಯ ಪೋರ್ಟಲ್ ಆಗಲಿ ಅರ್ಜಿಗೆ ಹಣ ಕೇಳುವುದಿಲ್ಲ. ‘ಸೆಲೆಕ್ಟ್ ಆಗಿದ್ದೀರಿ, ಪ್ರೊಸೆಸಿಂಗ್ ಫೀ ಕಳಿಸಿ’ ಅಂತ ಫೋನ್ ಬಂದರೆ ಅದು ಮೋಸ. ಒಟಿಪಿ ಯಾರಿಗೂ ಹೇಳಬೇಡಿ.

ಸಿಗದಿದ್ದರೆ, ಮತ್ತು ನಾವು ಮಾಡಬೇಕಾದ್ದು

ಒಳ್ಳೆಯ ಅರ್ಜಿಯೂ ತಿರಸ್ಕಾರ ಆಗುತ್ತದೆ, ಸ್ಪರ್ಧೆ ಅಂದಮೇಲೆ ಅದೂ ಇರುತ್ತದೆ. ಅದಕ್ಕೇ ಒಂದಕ್ಕೇ ಹಾಕಿ ಕೂರಬೇಡಿ, ನಾಲ್ಕೈದಕ್ಕೆ ಹಾಕಿ. ಒಂದು ಹಣ ಬಂದರೆ ಇನ್ನೊಂದನ್ನು ತೆಗೆದುಕೊಳ್ಳಬಹುದಾ ಅನ್ನುವ ನಿಯಮ ಮಾತ್ರ ಓದಿಕೊಳ್ಳಿ. ಒಮ್ಮೆ ಮನಸ್ಸಿಟ್ಟು ಬರೆದ ಆ ಎರಡು ಪುಟ ಪಿಯುಸಿ ಆದ ಮೇಲೂ ಕೆಲಸಕ್ಕೆ ಬರುತ್ತದೆ.

ಕೊನೆಯ ಮಾತು ದೊಡ್ಡವರಿಗೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಗೇಟೆಡ್ ಮನೆಗಳಲ್ಲಿ ಮಕ್ಕಳ ಕಾಲೇಜು ಅರ್ಜಿ ತಿದ್ದಲು ದುಡ್ಡು ಕೊಟ್ಟು ಕೌನ್ಸೆಲರ್ ಇಟ್ಟುಕೊಳ್ಳುತ್ತಾರೆ. ಅದೇ ಮನೆಯ ಅಡುಗೆಯಾಕೆಯ ಮಗಳ ಅರ್ಜಿಯನ್ನು ಸೈಬರ್ ಸೆಂಟರ್ ಹುಡುಗ ಐದು ನಿಮಿಷದಲ್ಲಿ ಮುಗಿಸ್ತಾನೆ. ಇಬ್ಬರಿಗೂ ಅಂಕ ಸಮ ಇರಬಹುದು, ಅರ್ಜಿ ಸಮ ಇರುವುದಿಲ್ಲ. ಈ ಅಂತರವನ್ನು ‘ಮೆರಿಟ್’ ಅಂತ ಕರೆಯುವುದು ತಪ್ಪು. ಇದನ್ನು ತುಂಬಲು ದೊಡ್ಡ ಯೋಜನೆಯೂ ಬೇಕಿಲ್ಲ. ಫ್ಯಾಕ್ಟರಿಯ ಎಚ್‌ಆರ್ ಸಕಾಲಕ್ಕೆ ಒಂದು ಸಹಿ ಹಾಕಲಿ. ಹೈಸ್ಕೂಲುಗಳು ಏಪ್ರಿಲ್‌ನಲ್ಲಿ ಒಂದು ಶನಿವಾರ ಹತ್ತನೇ ತರಗತಿ ಮಕ್ಕಳನ್ನು ಕೂರಿಸಿ ಆ ನಾಲ್ಕು ಪ್ರಶ್ನೆಗೆ ಉತ್ತರ ಬರೆಸಲಿ. ಟೆಕ್ ಪಾರ್ಕ್‌ನಲ್ಲಿ ಕೆಲಸ ಮಾಡುವ ಕನ್ನಡ ಬಲ್ಲವರು ಒಂದು ಮಗುವಿನ ಪಕ್ಕ ಒಂದು ಗಂಟೆ ಕೂತು, ಬರೆದುಕೊಡದೆ, ‘ಆಮೇಲೆ ಏನಾಯ್ತು?’ ಅಂತ ಕೇಳುತ್ತಾ ಹೋಗಲಿ.

ಅಷ್ಟಾದರೆ ಮುಂದಿನ ವರ್ಷ ಆ ಹುಡುಗಿ ಸೈಬರ್ ಸೆಂಟರ್‌ಗೆ ಬರುವಾಗ ಪ್ಲಾಸ್ಟಿಕ್ ಕವರಿನಲ್ಲಿ ಇನ್ನೊಂದು ಹಾಳೆ ಇರುತ್ತದೆ. ಖಾಲಿ ಚೌಕ ಬಂದಾಗ ಅವಳು ಯಾರ ಮುಖವನ್ನೂ ನೋಡದೆ, ‘ಅಣ್ಣಾ, ಇದನ್ನ ಇದ್ದ ಹಾಗೇ ಟೈಪ್ ಮಾಡಿ’ ಅಂತ ಆ ಹಾಳೆ ಕೊಡ್ತಾಳೆ.